ಗೋಲಿಗೆ ನಿಲ್ಲಿಸಿದವರು

ನಿನ್ನೆ ಬ್ರಹ್ಮಾವರದ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆ ಘಾಟಿಗೆ, ದಿನಾ ಅದನ್ನೇ ಹಚ್ಚಿಕೊಳ್ಳುತ್ತಿದ್ದ ಗಂಗೊಳ್ಳಿಯ ನಮ್ಮ ನೆರೆಮನೆಯ ಅಣ್ಣ ನೆನಪಾದರು...

ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋಗಿ ಫುಟ್‌ಬಾಲ್ ಆಟಗಾರರಾದವರು ಅವರು. ಮುಂಬಯಿ, ಗೋವಾದ ಕ್ಲಬ್ಬುಗಳಿಗೆ ಹತ್ತು ವರ್ಷ ಸಂಬಳಕ್ಕೆ ಆಡಿದರು. ಬಲ ಮೊಣಕಾಲಿಗೆ ಎರಡು ಸಲ ಆಪರೇಷನ್ ಆದ ಮೇಲೆ ಯಾವ ಕ್ಲಬ್ಬಿಗೂ ಬೇಡವಾಗಿ ಊರಿಗೆ ಮರಳಿದರು. ಬಂದವರು ಸುಮ್ಮನೆ ಕೂರಲಿಲ್ಲ. ಕಡಲಿಗೆ ಹೋದ ಅಪ್ಪ ತಿರುಗಿ ಬಾರದ ಹೆಣ್ಣುಮಕ್ಕಳನ್ನು ಹುಡುಕಿ ಹುಡುಕಿ, ಸಂಜೆ ಬಂದರಿನ ಹಿಂದಿನ ಬಯಲಿಗೆ ಕರೆತಂದರು. ಬೂಟು, ಶಾಲೆಯ ಪುಸ್ತಕ, ಆಟ ಮುಗಿದ ಮೇಲೆ ಬೇಯಿಸಿದ ಮೊಟ್ಟೆ, ಎಲ್ಲ ಅವರದೇ.

ನನ್ನ ಅಪ್ಪನೂ ಬಂದಿರಲಿಲ್ಲ. ಒಂಬತ್ತನೇ ಕ್ಲಾಸಿನ ನನ್ನನ್ನು ಅವರು ಗೋಲಿಗೆ ನಿಲ್ಲಿಸಿದರು. ಕಡಲ ಗಾಳಿಗೆ ಚೆಂಡು ಹೇಗೆ ವಾಲುತ್ತದೆಂದು ಕಲಿಸಿದರು. ಮೊದಲ ಸಲ ಚೆಂಡು ಹಿಡಿದು ಮರಳಲ್ಲಿ ಹೊರಳಿದ ದಿನ ನಾನು ನಗುತ್ತಾ ಮನೆಗೆ ಬಂದೆನಂತೆ. ಅಪ್ಪ ಹೋದ ಮೇಲೆ ಆ ನಗು ಅದೇ ಮೊದಲು ಎಂದು ಅಮ್ಮ ಹೇಳುತ್ತಿದ್ದಳು...

ಮಂಗಳೂರಿನಲ್ಲಿ ರಾಜ್ಯ ತಂಡಕ್ಕೆ ಹುಡುಗಿಯರ ಆಯ್ಕೆಯಿದೆ ಎಂದಾಗ ಅಣ್ಣ ನಮ್ಮ ಮನೆಗೆ ಬಂದು ಕೇಳಿದರು. ನಮ್ಮನ್ನು ಸಾಕುತ್ತಿದ್ದ ಸೋದರಮಾವ, ಚಡ್ಡಿ ಹಾಕಿ ಊರೂರು ಸುತ್ತುವ ಹೆಣ್ಣನ್ನು ಯಾರು ಮದುವೆಯಾಗುತ್ತಾರೆ ಎಂದು ಸಿಡುಕಿದರು. ಅಮ್ಮ ನೆಲ ನೋಡುತ್ತಾ ನಿಂತಳು. ಅಣ್ಣ ನನ್ನ ಕಡೆ ತಿರುಗಿದರು.

"ನಿಂಗ್ ಹೋಪ್ಕೆ ಮನ್ಸ್ ಇತ್ತಾ ಮಗಾ? ನೀನೇ ಹೇಳ್."

ಮಾವನ ಮುಖ ನೋಡಿದೆ. "ನಂಗ್ ಬ್ಯಾಡ," ಎಂದೆ.

"ಅಡ್ಡಿಲ್ಲೆ," ಎಂದವರು ಕುಂಟುತ್ತಾ ಮೆಟ್ಟಿಲಿಳಿದರು.

ಅವಳೇ ಬೇಡ ಎಂದಳಂತೆ ಎಂಬ ಮಾತು ಉಳಿದ ಮನೆಗಳಿಗೂ ಸಾಕಾಯಿತು. ಒಬ್ಬೊಬ್ಬಳಾಗಿ ಹುಡುಗಿಯರು ಬರುವುದು ನಿಂತಿತು. ಬಯಲಿನಲ್ಲಿ ದೋಣಿ ರಿಪೇರಿ ಶುರುವಾಯಿತು. ಅವರು ಮಾತ್ರ ಕೆಲವು ಕಾಲ ಸಂಜೆ ಹೊತ್ತು ಅಲ್ಲಿ ಹೋಗಿ ಕೂತಿರುತ್ತಿದ್ದರು. ನಾನು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಿದ್ದೆ. ಆಮೇಲೆ ಮದುವೆಯಾಗಿ ಬ್ರಹ್ಮಾವರ ಸೇರಿದೆ...

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ಹೋಗಲು ಧೈರ್ಯವಾಗಿರಲಿಲ್ಲ. ಇವತ್ತು ಹೋದೆ. ಅವರ ಹೆಂಡತಿ ಚಾ ಕೊಟ್ಟು, ಎದುರಿಗೆ ಕೂತು ಹೇಳಿದರು.

"ನೀನ್ ಬ್ಯಾಡ ಅಂದ್ರೂ ಅವ್ರ್ ಆಯ್ಕಿ ದಿನ ಮಂಗ್ಳೂರಿಗೆ ಹೋಯಿದ್ರ್. ಮುಂದಿನ್ ಬಸ್ಸಿಗಾದ್ರೂ ಬತ್ಲೇನೋ ಅಂದ್ಹೇಳಿ ಸಂಜಿ ತಂಕ ಮೈದಾನದ್ ಗೇಟಲ್ಲೇ ನಿಂತ್ಕಂಡಿದ್ರ್."

ಇಪ್ಪತ್ತು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ಚಾ ಲೋಟ ಕೆಳಗಿಟ್ಟೆ. ಅವತ್ತು ಮಂಗಳೂರಿಗೆ ಹೋಗಲು ನನಗೆ ಮನಸ್ಸಿತ್ತು. ಅದನ್ನು ಕೇಳಬೇಕಾದವರು ಈಗ ಇಲ್ಲ.