ಕಡಲು ನೀರು ತೆಗೆದುಕೊಳ್ಳದ ದಿನ

ಕಳೆದ ವಾರ ನಮ್ಮ ಪುತ್ತಿಗೆಯ ಮನೆಯ ಹಿಂಬಾಗಿಲಿಗೆ ಗೆದ್ದಲು ಹಿಡಿಯಿತೆಂದು ಆಚಾರಿ ಬಂದು ಗೇರೆಣ್ಣೆ ಬಳಿದು ಹೋದ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪೆಣ್ಣೆಯ ಘಾಟು ಮೂಗಿಗೆ ಹೊಡೆದದ್ದೇ ತಡ, ನನಗೆ ಸಿಟ್ಟು ಬಂತು. ಆಚಾರಿಯ ಮೇಲಲ್ಲ, ಗೆದ್ದಲಿನ ಮೇಲೂ ಅಲ್ಲ. ಮಳೆಗಾಲಕ್ಕೆ ಮೊದಲು ತಮ್ಮ ದೋಣಿಯನ್ನು ದಡದಲ್ಲಿ ಕವುಚಿ ಹಾಕಿ ಇದೇ ಎಣ್ಣೆ ಬಳಿಯುತ್ತಿದ್ದ, ಕಡವಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ ಕಾಕನ ಮೇಲೆ. ಅವರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಮಾಡದೆ ಏನು ಮಾಡಲಿ?

ಆಗ ನಾನು ಬಂಟ್ವಾಳ ಪೇಟೆಯಲ್ಲಿ ಬಾಡಿಗೆಗಿದ್ದೆ. ನಾನು ಪಾಠ ಹೇಳುತ್ತಿದ್ದ ಶಾಲೆ ನೇತ್ರಾವತಿಯ ಆಚೆ ದಡದಲ್ಲಿ. ಸೇತುವೆಯ ಮೇಲಿಂದ ಸುತ್ತಿ ಹೋಗುವುದಾದರೆ ಎರಡು ಬಸ್ಸು ಹಿಡಿಯಬೇಕು, ಅದರಲ್ಲಿ ಎರಡನೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾಕನ ದೋಣಿಯಲ್ಲಿ ಕುಳಿತರೆ ಶಾಲೆಯ ಗಂಟೆಗೆ ಮೊದಲೇ ತಲುಪಬಹುದಿತ್ತು. ಕುಳಿತರೆ! ಆ ಮನುಷ್ಯ ಕೂರಲು ಬಿಟ್ಟರಲ್ಲವೇ?

ಮಳೆಗಾಲದಲ್ಲಿ ದೋಣಿ ಬಿಡುವ ಮೊದಲು ಅವರದ್ದೊಂದು ವಿಚಾರಣೆ ನಡೆಯಬೇಕಿತ್ತು. ಮೊದಲು ನೆರಿಯದಲ್ಲಿದ್ದ ತಂಗಿಗೆ ಫೋನು. ಘಟ್ಟದ ಬುಡದ ನೆರಿಯದಲ್ಲಿ, ಜಡಿಮಳೆಯ ಆಟಿ ತಿಂಗಳಲ್ಲಿ, ಮಳೆ ಉಂಟಾ ಎಂದು ಕೇಳುವುದು! ಆಕೆ ಇಲ್ಲವೆಂದದ್ದನ್ನು ನಾನಂತೂ ಕೇಳಿಲ್ಲ. ಆಮೇಲೆ ಮನೆಯ ಹಿಂದಿನ ಹಳ್ಳ ಏನು ತರುತ್ತಿದೆ ಎಂಬ ಪ್ರಶ್ನೆ. ತರಗೆಲೆ ಬಂದರೆ ಅಡ್ಡಿಯಿಲ್ಲ, ಕಡ್ಡಿ ಬಂದರೆ ಜಾಗ್ರತೆ, ಬಿದಿರು ಬಂದರೆ ಮುಗಿಯಿತು. ಅದಾದ ಮೇಲೆ ಕಡಲ ಬದಿಯಿಂದ ಸ್ಕೂಟರಿನಲ್ಲಿ ಮೀನು ತರುವವನಿಗೆ ಫೋನು. ಅಳಿವೆಯಲ್ಲಿ ನಾಡದೋಣಿಗಳು ಇಳಿದಿವೆಯಾ, ಗಾಳಿ ಎತ್ತಲಿಂದ, ಕಡಲು ನೀರು ತೆಗೆದುಕೊಳ್ಳುತ್ತದಾ... ಆ ಕೊನೆಯ ಪ್ರಶ್ನೆ ಕೇಳುವಾಗ ಅವರ ದನಿ ಸಣ್ಣದಾಗುತ್ತಿತ್ತು. ಕಡಲು ಉಬ್ಬಿ ನಿಂತರೆ ಹೊಳೆಯ ನೀರಿಗೆ ಹೋಗಲು ಜಾಗವಿಲ್ಲ, ಅದು ಹಿಂದೆ ನಿಂತು ಏರುತ್ತದೆ ಎಂಬುದು ಅವರ ನಂಬಿಕೆ.

"ಮೇಲೆಯೂ ಕೇಳ್ಬೇಕು, ಕೆಳಗೆಯೂ ಕೇಳ್ಬೇಕು ಟೀಚರೇ. ನಡುವಲ್ಲಿ ಅಲ್ವಾ ನಾವು ಇರುದು" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದು, ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ಮುಚ್ಚಿ, ನನ್ನ ದಾರಿ ನೋಡುತ್ತ ಮುಖ ಊದಿಸಿಕೊಂಡಿರುತ್ತಿದ್ದರು.

ನಾನೋ ಶುದ್ಧ ಘಟ್ಟದ ಮೇಲಿನವಳು. ದೋಣಿಯಲ್ಲಿ ಕುಳಿತರೆ ಎರಡೂ ಕೈಗಳಿಂದ ಹಲಗೆ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಕಾಕ ಮಾತ್ರ ನಗುತ್ತಿರಲಿಲ್ಲ.

ಆ ವರ್ಷ ನಮ್ಮ ಶಾಲೆಯಲ್ಲಿ ಕಬಡ್ಡಿ ಆಡುವ ಒಬ್ಬ ಹುಡುಗಿ ಇದ್ದಳು. ಎಂಥ ಆಟ ಅಂತೀರಿ! ಗಂಡುಮಕ್ಕಳು ಅವಳ ಕಾಲು ಹಿಡಿದರೂ ಎಳೆದುಕೊಂಡೇ ಗೆರೆ ಮುಟ್ಟುತ್ತಿದ್ದಳು. ತಾಯಿ ಬೀಡಿ ಕಟ್ಟಿ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. ಮೂಡುಬಿದಿರೆಯಲ್ಲಿ ಒಂದು ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುತ್ತಾರೆ, ಊಟ, ಓದು, ತರಬೇತಿ ಎಲ್ಲ ಪುಕ್ಕಟೆ ಎಂದು ತಿಳಿದಾಗ ನಾನೇ ಅವಳ ಹೆಸರು ಕಳಿಸಿದೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಇದ್ದದ್ದು ಅದೊಂದೇ ಅವಕಾಶ.

ಆರಿಸುವ ದಿನ ಬೆಳಿಗ್ಗೆ ಕಾಕನೇ ನನ್ನನ್ನು ಆಚೆ ದಾಟಿಸಿದರು. ಹುಡುಗಿಯ ಕಾಗದಪತ್ರಗಳಿಗೆ ಶಾಲೆಯ ಮೊಹರು ಹಾಕಿಸಿಕೊಂಡು, ಅವಳನ್ನೂ ಜೊತೆಗೆ ಹೊರಟಿದ್ದ ಅವಳ ಅಕ್ಕನನ್ನೂ ಕರೆದುಕೊಂಡು ಕಡವಿಗೆ ಮರಳಿದರೆ, ದೋಣಿಯನ್ನು ಮರಕ್ಕೆ ಬಿಗಿದು ಕಟ್ಟಿ ಕಾಕ ಬೀಡಿ ಸೇದುತ್ತ ಕುಳಿತಿದ್ದಾರೆ! ನೆತ್ತಿಯ ಮೇಲೆ ಬಿಸಿಲು ಅಂದರೆ ಬಿಸಿಲು, ಹಪ್ಪಳ ಒಣಗಿಸಬಹುದಾದಂಥ ಬಿಸಿಲು.

"ಇವತ್ತು ಆಗುದಿಲ್ಲ ಟೀಚರೇ."

"ಎಂತ ಆಗುದಿಲ್ಲ? ಈಗ ನೀವೇ ಅಲ್ವಾ ನನ್ನನ್ನು ಕರ್ಕೊಂಡು ಬಂದದ್ದು?"

"ಅದು ಆಗ. ಈಗ ತಂಗಿ ಫೋನು ಮಾಡಿದ್ಲು. ಹಳ್ಳದಲ್ಲಿ ಬಿದಿರು ಬರ್ಲಿಕ್ಕೆ ಶುರುವಾಗಿದೆಯಂತೆ. ಕೆಳಗೆ ಕಡಲು ನೀರು ತೆಗೊಳ್ಳುದಿಲ್ಲ, ನಾಡದೋಣಿ ಒಂದೂ ಇಳಿಲಿಲ್ಲ. ಮೇಲಿಂದ ಬಂದದ್ದು ಎಲ್ಲಿಗೆ ಹೋಗ್ಬೇಕು, ನೀವೇ ಹೇಳಿ."

ನಾನು ಬೇಡಿಕೊಂಡೆ. ಬೈದೆ. ಹುಡುಗಿಯ ಬದುಕಿನ ಪ್ರಶ್ನೆ ಮಾರಾಯ್ರೆ ಎಂದೆ. ಅವರು ಹುಡುಗಿಯ ಮುಖ ನೋಡಿದರು, ಹೊಳೆ ನೋಡಿದರು, ನನ್ನನ್ನು ನೋಡಿದರು. "ಆಗುದಿಲ್ಲ" ಎಂದರು. ಕಲ್ಲಿಗೆ ಹೇಳಿದ್ದರೆ ಅದಾದರೂ ಕರಗುತ್ತಿತ್ತು.

ಅಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ರಿಕ್ಷಾ ಸಿಕ್ಕಿ, ಸೇತುವೆ ಸುತ್ತಿ, ಪೇಟೆಗೆ ಬಂದು, ಅಲ್ಲಿಂದ ಮೂಡುಬಿದಿರೆಯ ಬಸ್ಸು ಹತ್ತಿ ಇಳಿಯುವಾಗ ಮೈದಾನದಲ್ಲಿ ಸುಣ್ಣದ ಗೆರೆಗಳ ಮೇಲೆ ನಾಯಿಯೊಂದು ಮಲಗಿತ್ತು. ಆರಿಸಿದವರ ಪಟ್ಟಿ ಮೇಲಿನವರಿಗೆ ಹೋಯಿತು, ಇನ್ನೇನೂ ಮಾಡುವಂತಿಲ್ಲ ಎಂದರು. ಹುಡುಗಿ ಅಳಲಿಲ್ಲ. ಚೀಲದಲ್ಲಿದ್ದ ಹೊಸ ಚಡ್ಡಿಯನ್ನು ಒಮ್ಮೆ ಹೊರತೆಗೆದು ನೋಡಿ ಮತ್ತೆ ಒಳಗಿಟ್ಟಳು.

ಸಂಜೆ ಅವಳನ್ನು ಮನೆ ತಲುಪಿಸಿ ಕಡವಿಗೆ ಬಂದೆ. ಹೊಳೆ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು. ಒಂದು ಬೆರಳೂ ಏರಿರಲಿಲ್ಲ.

"ಎಲ್ಲಿ ಕಾಕ ನೀರು?"

"ಬರ್ಲಿಲ್ಲ ಟೀಚರೇ. ಬಚಾವ್!" ಮುಖದ ತುಂಬ ಸಂತೋಷ. ಈ ಮನುಷ್ಯನ ಜೊತೆ ಜಗಳವಾಡುವುದಾದರೂ ಹೇಗೆ? ನೀರು ಬಂದರೆ ಇವರು ಹೇಳಿದ್ದು ಸರಿ, ಬಾರದಿದ್ದರೆ ಒಳ್ಳೆಯದಾಯಿತು! ಮರುದಿನ ನೆರಿಯದಿಂದ ಮತ್ತೆ ಫೋನು ಬಂತು. ಹಳ್ಳದಲ್ಲಿ ಬಂದದ್ದು ಯಾರೋ ಬೇಲಿ ಕಟ್ಟಲು ಕಡಿದು ಬದಿಯಲ್ಲಿಟ್ಟಿದ್ದ ಬಿದಿರಂತೆ. ಅದನ್ನೂ ಕಾಕ ನನ್ನೊಡನೆ ನಗುತ್ತಲೇ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ವರ್ಗವಾಗುವ ತನಕ ಅವರ ದೋಣಿಯಲ್ಲಿ ಹೋಗಿಬಂದೆ, ಬೇಕಾದಷ್ಟೇ ಮಾತಾಡಿದೆ. ಅವರು ಎಂದಿನಂತೆ ಮೇಲೆ ಕೆಳಗೆ ಫೋನು ಮಾಡುತ್ತಲೇ ಇದ್ದರು...

ಆ ಹುಡುಗಿ ಈಗ ಬೆಳುವಾಯಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಕಾಕ ತೀರಿಕೊಂಡ ಸುದ್ದಿ ತಿಳಿಸಿದ್ದೂ ಅವಳೇ. ಕಳೆದ ವಾರ, ಸಿಟ್ಟು ತಡೆಯಲಾರದೆ, ಅವಳಿಗೆ ಫೋನು ಮಾಡಿದೆ. ಆ ಕಾಕನ ಹಟ ಇಲ್ಲದಿದ್ದರೆ ನೀನಿವತ್ತು ಎಲ್ಲಿ ಇರುತ್ತಿದ್ದೆ ಮಾರಾಯ್ತಿ ಎಂದು ಹಳೆಯ ರಾಗ ತೆಗೆದೆ. ಹೊಲಿಗೆ ಯಂತ್ರದ ಸದ್ದು ನಿಂತಿತು.

"ಟೀಚರ್, ನಾನು ಮರುದಿನವೇ ಹೋಗಿ ಕೇಳಿದ್ದೆ. ನಂಗೆ ಈಜ್ಲಿಕ್ಕೆ ಬರ್ತದೆ, ಅಕ್ಕನಿಗೂ ಬರ್ತದೆ, ಯಾಕೆ ದಾಟಿಸ್ಲಿಲ್ಲ ಅಂತ. ‘ನೀವಿಬ್ರೇ ಆಗಿದ್ರೆ ದೋಣಿ ಬಿಡ್ತಿದ್ದೆ ಮಗಾ. ಟೀಚರಿಗೆ ಬರುದಿಲ್ಲ ಅಲ್ವಾ, ಎಂತಾದ್ರೂ ಆದ್ರೆ ನಾನು ಯಾರನ್ನು ಹಿಡಿಯುದು’ ಅಂದ್ರು. ನಿಮಗೆ ಹೇಳ್ಬೇಡ ಅಂತಲೂ ಅಂದ್ರು. ಬೇಜಾರ್ ಮಾಡ್ಕೊಳ್ತೀರಿ ಅಂತ."

ಫೋನಿಟ್ಟು, ಎಣ್ಣೆ ಬಳಿದ ಹಿಂಬಾಗಿಲ ಬಳಿ ಹೋದೆ. ಅಲ್ಲ ಕಾಕ, ಒಂದು ಮಾತು, ಅಲ್ಲೇ ದಡದಲ್ಲೇ ನನಗೆ ಹೇಳಬಾರದಿತ್ತೇ? ಹುಡುಗಿಯನ್ನು ಅಕ್ಕನ ಜೊತೆ ಕಳಿಸಿ ನಾನು ಶಾಲೆಯ ದಡದಲ್ಲೇ ಉಳಿಯುತ್ತಿದ್ದೆನಲ್ಲ? ಊರಿನ ನೀರು, ಕಡಲಿನ ಗಾಳಿ ಎಲ್ಲವನ್ನೂ ಕೂಗಿ ಕೂಗಿ ಕೇಳುತ್ತಿದ್ದ ಬಾಯಿಗೆ ಅದೊಂದು ಮಾತು ಭಾರವಾಯಿತೇ? ಇಷ್ಟು ವರ್ಷ ನಿಮ್ಮನ್ನು ಬೈದೆ. ಇವತ್ತು ಎದುರಿಗೆ ಕೂರಿಸಿಕೊಂಡು ನಿಜವಾಗಿ ಬೈಯಬೇಕೆನಿಸಿದೆ, ನೀವಿಲ್ಲ.