ಗದಿಗೆಪ್ಪ ಸೇರಿಸಿದ ಹೊಳೆ

ಅಮೆರಿಕದ ರೆಂಟನ್ನಿನ ವಿಮಾನ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುತ್ತಲೇ ಗದಿಗೆಪ್ಪ ಒಂದು ಜಪಾನಿ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದ. ಹದಿನೆಂಟು ಪುಟಕ್ಕೆ ಎರಡು ವರ್ಷ ಹಿಡಿಯಿತು. ಮೇಜಿನ ಮುಂದೆ ದಿನವಿಡೀ ಕೂತು, ತೀರಿಹೋದ ತಂಗಿಗೆ ಕಾಗದ ಬರೆಯುವ ಹೆಂಗಸೊಬ್ಬಳ ಕಥೆ ಅದು. ಲೇಖಕಿ ತನ್ನ ಕೋಣೆಯನ್ನೇ ಕಥೆಗೆ ತಂದಿದ್ದಳಂತೆ. ಆ ಮನೆ ಈಗ ಮ್ಯೂಸಿಯಂ ಆಗಿದೆಯೆಂದು ತಿಳಿದು ಅವನು ಫೋಟೊ ಹುಡುಕಿ ನೋಡಿದ. ಕಿಟಕಿಯ ತುಂಬ ಹೊಳೆ! ಕಥೆಯಲ್ಲಿ ಮಾತ್ರ ಹೊಳೆಯ ಸುದ್ದಿಯೇ ಇರಲಿಲ್ಲ. ಮೂರು ದಿನ ತಡೆದುಕೊಂಡ. ನಾಲ್ಕನೆಯ ದಿನ ಬಸ್ಸಿನಲ್ಲಿ ಒಂದು ಸಾಲು ಸೇರಿಸಿಯೇಬಿಟ್ಟ: ‘ಅವಳು ತಲೆಯೆತ್ತಿದಾಗಲೆಲ್ಲ ಹೊಳೆ ಅವಳ ಮಾತು ಮುಗಿಯಲೆಂದು ಕಾದು ನಿಂತಿರುತ್ತಿತ್ತು.’

ಐವತ್ತೇಳು ವರ್ಷಗಳಲ್ಲಿ ಅವನು ಸ್ವಂತವಾಗಿ ಬರೆದ ಸಾಲು ಅದೊಂದೇ.

ಕನ್ನಡ ಸಂಘದ ಸಂಚಿಕೆ ಸಿದ್ಧಪಡಿಸುತ್ತಿದ್ದ ಪಕ್ಕದೂರು ಬೆಲ್ವ್ಯೂನ ಪ್ರತಿಭಾಗೆ ಆ ಸಾಲೇ ಎಲ್ಲಕ್ಕಿಂತ ಹಿಡಿಸಿತು. “ಇದನ್ನ ಕಥೆ ಮೇಲೆ ದಪ್ಪಕ್ಷರದಲ್ಲಿ ಹಾಕ್ತೀನಿ, ಗದಿಗೆಪ್ಪೋರೆ,” ಅಂದಳು.

ಆವತ್ತಿನಿಂದ ಅವನಿಗೆ ಊಟ ರುಚಿಸಲಿಲ್ಲ. ಇನ್ನೊಬ್ಬರ ಮನೆಯೊಳಗೆ ಹೇಳದೆ ಕೇಳದೆ ತನ್ನ ಸಾಮಾನು ಇಟ್ಟುಬಂದ ಹಾಗಾಗಿತ್ತು. ಲೇಖಕಿ ಕೂತ ಜಾಗದಿಂದ ಹೊಳೆ ಕಂಡರೆ ಸಾಲು ಇರಲಿ, ಕಾಣದಿದ್ದರೆ ಬೇಡ ಎಂದು ತೀರ್ಮಾನಿಸಿದ. ರಜೆಗೆ ತನ್ನೂರು ಗದಗಿಗೆ ಹೋಗುವ ದಾರಿಯಲ್ಲಿ ಒಂದು ದಿನದ ಮಟ್ಟಿಗೆ ಜಪಾನಿನಲ್ಲಿ ಇಳಿದ.

ಶೂ ಬಿಚ್ಚಿಟ್ಟು ಲೇಖಕಿಯ ಮನೆಯೊಳಗೆ ಕಾಲಿಟ್ಟರೆ ಚಾಪೆಯ ಹುಲ್ಲಿನ ವಾಸನೆ. ಹೆಜ್ಜೆಗೆ ಸದ್ದೇ ಇಲ್ಲ. ಯಾರದೋ ನಿದ್ದೆಯೊಳಗೆ ನಡೆದಂತಿತ್ತು. ಬರೆಯುವ ಕೋಣೆಗೆ ಅಡ್ಡ ಹಗ್ಗ ಕಟ್ಟಿದ್ದರು. ಆಚೆ ಮೊಣಕಾಲೆತ್ತರದ ಮೇಜು, ಮೇಜಿನಾಚೆ ಕಿಟಕಿ, ಕಿಟಕಿಯಲ್ಲಿ ಹೊಳೆ. ಫೋಟೊದಲ್ಲಿದ್ದದ್ದೇ. ಗದಿಗೆಪ್ಪನ ಎದೆ ಹಗುರಾಯಿತು.

ಅಲ್ಲಿಗೆ ಹೊರಟುಬಿಡಬಹುದಿತ್ತು. ಆದರೆ ವಿಮಾನದಲ್ಲಿ ಸೀಟು ಜೋಡಿಸಿದ ಮೇಲೆ ಒಂದೊಂದರಲ್ಲೂ ಕೂತು ನೋಡದೆ ಸಹಿ ಹಾಕುವ ಆಸಾಮಿಯಲ್ಲ ಅವನು. ಹಗ್ಗದ ಈಚೆಗೇ, ಪಂಕ್ತಿಯಲ್ಲಿ ಊಟಕ್ಕೆ ಕೂರುವಂತೆ ಚಕ್ಕಳಮಕ್ಕಳ ಹಾಕಿ ಕೂತ.

ಹೊಳೆ ಮಾಯವಾಯಿತು. ಬೇಲಿಯ ಎಲೆ, ಮೇಲೊಂದು ತುಂಡು ಆಕಾಶ, ಅಷ್ಟೇ. ಎದ್ದ, ಹೊಳೆ ಬಂತು. ಕೂತ, ಹೋಯಿತು.

ಇವನಿಗೆ ತಲೆಸುತ್ತು ಬಂತೆಂದು ಕಾವಲಿನ ಮುದುಕಿ ಗಾಬರಿಯಿಂದ ಬಂದಳು. ಅವನು ಕಿಟಕಿ ತೋರಿಸಿ, ಅಂಗೈಯನ್ನು ನೀರಿನಂತೆ ಆಡಿಸಿ, ಇಲ್ಲವೆಂದು ತಲೆಯಲ್ಲಾಡಿಸಿದ. ಆಕೆ ತುಸು ಯೋಚಿಸಿ ಪಕ್ಕದಲ್ಲೇ ಮಂಡಿಯೂರಿ ಕೂತಳು. ಆಮೇಲೆ ಬೆರಳೆತ್ತಿ ಸೂರು ತೋರಿಸಿದಳು. ಕಾಣದ ನೀರಿನ ಬೆಳಕು ಅಲ್ಲಿನ ಮರದ ಹಲಗೆಗಳ ಮೇಲೆ ನಡುಗುತ್ತ, ಚದುರುತ್ತ, ಮತ್ತೆ ಕೂಡುತ್ತ ಇತ್ತು. ಇಬ್ಬರೂ ಕತ್ತೆತ್ತಿ ಎಷ್ಟು ಹೊತ್ತು ಕೂತರೋ ಅವನಿಗೆ ತಿಳಿಯಲಿಲ್ಲ. ಇಲ್ಲಿ ಕೂತು ಬರೆದ ಲೇಖಕಿಗೆ ಇಷ್ಟು ಬೆಳಕೇ ಸಾಕಾಗಿತ್ತು, ಇದನ್ನೂ ಆಕೆ ಕಥೆಯಲ್ಲಿ ಬರೆದಿರಲಿಲ್ಲ.

ಅಂಗಳಕ್ಕೆ ಬಂದು ಪ್ರತಿಭಾಗೆ ಕಾಲ್ ಮಾಡಿದ. ಬೆಲ್ವ್ಯೂನಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ.

“ಮೇಡಂ, ಆ ಹೊಳಿ ತಗದಬಿಡ್ರೀ.”

“ಅಯ್ಯೋ! ಜಪಾನಿಂದ ಇನ್ನೊಂದು ಹೊಳೆ ತರ್ತೀರ ಅಂದ್ಕೊಂಡ್ರೆ, ಇರೋದನ್ನೂ ಕಿತ್ಕೊಳ್ತೀರಲ್ಲ! ಎಷ್ಟು ಚೆನ್ನಾಗಿತ್ತು!”

“ಛಲೋ ಐತ್ರೀ. ಆದ್ರ ಅದು ಅಕೀದಲ್ಲ. ನಂದು.”

“ನಿಮ್ದಾ? ಹಾಗಾದ್ರೆ ಅದರ ಮುಂದಿಂದೂ ನೀವೇ ಬರೀಬೇಕು. ಮುಂದಿನ ವರ್ಷ ಜಾಗ ಇಡ್ತೀನಿ.”

ಗದಿಗೆಪ್ಪ ಫೋನನ್ನು ಜೇಬಿಗಿಳಿಸಿದ. ಬೇಲಿ ಬಳಸಿಕೊಂಡು ದಂಡೆಗೆ ಇಳಿದು, ರೈಲಿನ ಹೊತ್ತಾಗುವ ತನಕ ನೀರು ನೋಡುತ್ತ ಕೂತ.