ಕಬಡ್ಡಿ ಎನ್ನಲು ನಾಲ್ಕು ಸಾವಿರ

ಮಗಳ ಮೇಲಿನ ಹಲ್ಲುಸಾಲಿಗೆ ಕೂರುವ ಒಂದು ರಬ್ಬರಿನಂಥ ಕವಚಕ್ಕೆ ಶಹಾಪುರದ ದಂತವೈದ್ಯೆಗೆ ನಾಲ್ಕು ಸಾವಿರ ಕೊಟ್ಟೆ. ಆಟದ ಸಾಮಾನಿನ ಅಂಗಡಿಯಲ್ಲಿ ಅಂಥದ್ದೇ ಒಂದು ಮುನ್ನೂರಕ್ಕೆ ಸಿಗುತ್ತದೆ. ಉಳಿದ ದುಡ್ಡೆಲ್ಲ ಹೋದದ್ದು ಒಂದೇ ಒಂದು ಶಬ್ದಕ್ಕೆ: ಕಬಡ್ಡಿ.

ಮಗಳು ಸುರಪುರದಲ್ಲಿ ಪಿಯುಸಿ ಓದುತ್ತಾಳೆ, ತಂಡದಲ್ಲಿ ರೇಡರ್. ಅಭ್ಯಾಸದಲ್ಲಿ ಯಾರದೋ ಮೊಣಕಾಲು ತಾಗಿ ಮುಂದಿನ ಹಲ್ಲು ಅರ್ಧ ಮುರಿದು, ಕ್ಯಾಪ್ ಹಾಕಿಸಿದ್ದೆವು. ಇನ್ನೊಂದು ಪೆಟ್ಟು ಬಿದ್ದರೆ ಹಲ್ಲು ಬೇರುಸಹಿತ ಹೋದೀತು ಎಂದು ವೈದ್ಯೆ ಎಚ್ಚರಿಸಿದ್ದರು. ಜಿಲ್ಲಾ ತಂಡದ ಆಯ್ಕೆ ಯಾದಗಿರಿಯಲ್ಲಿ, ಮುಂದಿನ ವಾರವೇ ಇತ್ತು. ಕವಚವಿಲ್ಲದೆ ಮ್ಯಾಟ್ ಮೇಲೆ ಕಾಲಿಡಕೂಡದು ಎಂದು ಪಿ.ಟಿ. ಮಾಸ್ತರರು ಹಟ ಹಿಡಿದಿದ್ದರು.

ಮೊದಲು ಮುನ್ನೂರರದ್ದನ್ನೇ ತಂದೆ. ಬಿಸಿನೀರಲ್ಲಿ ಅದ್ದಿ ಕಚ್ಚಿದರೆ ಹಲ್ಲಿನ ಆಕಾರಕ್ಕೆ ಬರುತ್ತದಂತೆ. ಬಂತು, ಅರ್ಧಂಬರ್ಧ. ಬಾಯಿ ತೆರೆದರೆ ಜಾರುತ್ತದೆ, ಕಚ್ಚಿ ಹಿಡಿದರೆ ಮಾತು ಹೊರಡದು. ರೇಡಿಗೆ ಹೋದವಳು ಬಿಡದೆ ಕಬಡ್ಡಿ ಎನ್ನುತ್ತಿರಬೇಕು. ಶಬ್ದ ಕೇಳದಿದ್ದರೆ ರೆಫರಿ ಸೀಟಿ ಊದುತ್ತಾರೆ. ಇವಳ ಬಾಯಿಂದ ಬಂದದ್ದು "ತಬಲಿ, ತಬಲಿ."

"ಏ, ಆಡಾಕ ಬಂದೀಯೋ ತಬಲಾ ಬಾರ್ಸಾಕ ಬಂದೀಯೋ?" ಎಂದರು ಗೆಳತಿಯರು.

ಅವಳು ಅದನ್ನು ತೆಗೆದು ನನ್ನ ಕೈಗಿಟ್ಟಳು. "ನೀನೇ ಹಾಕ್ಕೋ ಅಪ್ಪಾ. ಸಂತ್ಯಾಗ ಜರಾ ಮಾತು ಕಮ್ಮಿ ಆಗ್ತದ."

ನಾನು ಕುರಿ ವ್ಯಾಪಾರಿ. ಎರಡು ಮರಿಗಳಿಂದ ಶುರು ಮಾಡಿ, ಬರೀ ಬಾಯಿಯ ಬಲದಿಂದ ಮನೆ ಕಟ್ಟಿದವನು. ನಮ್ಮ ಧಂದೆಯಲ್ಲಿ ಕುರಿಯ ತುಟಿ ಎತ್ತಿ, ಹಲ್ಲು ನೋಡಿ, ವಯಸ್ಸು ತಿಳಿದ ಮೇಲೆಯೇ ಬೆಲೆಯ ಮಾತು. ಮೊದಲೇ ಬೆಲೆ ಕೇಳುವವನನ್ನು ಹಸಿ ಗಿರಾಕಿ ಎಂದು ನಗುತ್ತೇವೆ. ಹಾಗಾಗಿ ಶಹಾಪುರದ ದವಾಖಾನೆಯಲ್ಲಿ ವೈದ್ಯೆ "ಮೊದಲ ಖರ್ಚು ಹೇಳಿಬಿಡ್ತೀನಿ ಯಜಮಾನ್ರ" ಎಂದಾಗ ನಾನೇ ತಡೆದೆ.

"ಅವಸರ ಏನದರಿ? ಬಾಯಿ ನೋಡ್ರಿ ಮೊದಲ. ರೇಟ್ ಆಮ್ಯಾಲ."

ಸಂತೆಯಲ್ಲಿ ಬಾಯಿ ನೋಡುವವನು ಕೊಳ್ಳುವವನು. ಇಲ್ಲಿ ನೋಡುತ್ತಿದ್ದವರು ಮಾರುವವರು. ಆ ವ್ಯತ್ಯಾಸ ನನ್ನ ತಲೆಗೆ ಹೋಗುವಷ್ಟರಲ್ಲಿ ಮಗಳ ಬಾಯಿಯೊಳಗೆ ಹಿಟ್ಟಿನಂಥ ಮಸಾಲೆ ತುಂಬಿದ ಅಚ್ಚು ಕೂತಾಗಿತ್ತು.

"ಗಟ್ಟಿ ಆಗೋ ತನಕ ಅಳ್ಳಾಡಬ್ಯಾಡ ತಂಗಿ," ಎಂದ ವೈದ್ಯೆ ನನ್ನ ಕಡೆ ತಿರುಗಿದರು. "ನಾಲ್ಕು ಸಾವಿರ ಆಗ್ತದರಿ."

"ನಾಲ್ಕಕ್ಕ ಒಂದು ಮರಿ ಬರ್ತದ ಡಾಕ್ಟ್ರಮ್ಮ. ಎರಡು ಮಾಡ್ರಿ."

"ಮರಿ ಯಾರ ಕೊಟ್ಟಿಗ್ಯಾಗ ಕಟ್ಟಿದ್ರೂ ನಡೀತದ. ಇದು ಈಕಿ ಬಾಯಿಗಷ್ಟೇ ಕೂಡ್ತದ. ಅಚ್ಚು ಕಲಬುರಗಿ ಲ್ಯಾಬಿಗೆ ಹೋಗಬೇಕು, ಎರಡು ಪದರ ಕಾಯಿಸಿ ಒತ್ತಬೇಕು, ಮತ್ತ ಇಲ್ಲಿಗೆ ಬರಬೇಕು."

ನನ್ನ ಹಳೆಯ ಅಸ್ತ್ರ ತೆಗೆದೆ. ಟವೆಲ್ ಕೊಡವಿ ಹೆಗಲಿಗೆ ಹಾಕಿ ಬಾಗಿಲತ್ತ ನಡೆದೆ. ಬೆನ್ನು ತಿರುಗಿಸಿದರೆ ಯಾವ ವ್ಯಾಪಾರಿಯೂ ಕರೆಯದೇ ಬಿಡುವುದಿಲ್ಲ.

"ಚಾ ಕುಡದು ಬರ್ರಿ," ಎಂದರು ವೈದ್ಯೆ, ತಲೆ ಎತ್ತದೆ. "ಮಗಳು ಎಲ್ಲಿಗೂ ಹೋಗಂಗಿಲ್ಲ."

ಬಾಗಿಲ ಹಿಡಿಕೆ ನನ್ನ ಕೈಯಲ್ಲಿತ್ತು, ಹೋಗಲು ಜಾಗವಿರಲಿಲ್ಲ. ಬೇರೆ ವೈದ್ಯರ ಬಳಿ ಹೋದರೆ ಕವಚ ಆಯ್ಕೆಯೊಳಗೆ ಬಾರದು. ಕವಚ ಬಾರದಿದ್ದರೆ ಒಂದೋ ಆಟ ಹೋಗಬೇಕು, ಇಲ್ಲ ಹಲ್ಲು. ತಿರುಗಿ ಬಂದು ಸ್ಟೂಲಿನ ಮೇಲೆ ಕೂತೆ. ಮಗಳ ಗಲ್ಲದಿಂದ ಜೊಲ್ಲು ಇಳಿಯುತ್ತಿತ್ತು. ಅವಳು ಕಣ್ಣು ನನ್ನ ಮೇಲೇ ಇಟ್ಟು, ನನ್ನ ಟವೆಲ್ ಎಳೆದುಕೊಂಡು, ಅದರ ಕೆಳಗೆ ನನ್ನ ಕೈ ಹಿಡಿದಳು. ಹಿಡಿದು ನಾಲ್ಕು ಬೆರಳು ಒತ್ತಿದಳು.

ಸಂತೆಯಲ್ಲಿ ನಾವು ಕೊನೆಯ ಬೆಲೆ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಎದುರಿನವನ ಬೆರಳು ಒತ್ತುತ್ತೇವೆ, ಬೆರಳಿಗೊಂದು ಸಾವಿರ. ಒಪ್ಪದಿದ್ದರೆ ಅವನು ಕೈ ಎಳೆದುಕೊಳ್ಳಬೇಕು, ಎಳೆಯದಿದ್ದರೆ ವ್ಯಾಪಾರ ಮುಗಿದಂತೆ. ಚಿಕ್ಕಂದಿನಿಂದ ಪಕ್ಕದಲ್ಲಿ ನಿಂತು ನೋಡಿದವಳು ಅವಳು. ಕೈ ಎಳೆದುಕೊಳ್ಳಬಹುದಿತ್ತು. ಆಗಲಿಲ್ಲ.

ಕವಚ ಆಯ್ಕೆಯ ಹಿಂದಿನ ದಿನ ಬಂತು. ನಾಲಿಗೆ ತಾಗುವ ಒಳ ಅಂಚನ್ನು ವೈದ್ಯೆ ತೀಡಿ, ಅವಳಿಂದ ಕಬಡ್ಡಿ ಅನ್ನಿಸಿ, ಮತ್ತೆ ತೀಡಿದರು. ಕೊನೆಗೆ "ಡ್ಡಿ" ಗಟ್ಟಿಯಾಗಿ ಹೊರಟಿತು. ಯಾದಗಿರಿಯಲ್ಲಿ ಒಂದು ಮೊಣಕೈ ನೇರ ಅವಳ ಬಾಯಿಗೆ ಬಿತ್ತು. ಎದ್ದು, ಉಸಿರು ಬಿಡದೆ ಕಬಡ್ಡಿ ಎನ್ನುತ್ತಲೇ ಗೆರೆ ಮುಟ್ಟಿದಳು. ಹಲ್ಲು ಉಳಿಯಿತು. ತಂಡದಲ್ಲಿ ಹೆಸರೂ ಬಂತು, ಬದಲಿ ಆಟಗಾರ್ತಿಯಾಗಿ. ಈಗ ಹಿಂದಿನ ದವಡೆ ಹಲ್ಲು ಹುಟ್ಟುತ್ತಿದೆ, ಕವಚ ಬಿಗಿಯಾಗುತ್ತಿದೆಯಂತೆ. ನಾನು ಕೇಳಿಸದವನಂತೆ ಇದ್ದೇನೆ, ಎಷ್ಟು ದಿನ ನಡೆಯುತ್ತದೋ.

ನೀವು ಮಾಡಿಸುವವರಾದರೆ ಬಾಯಿ ತೆರೆಯುವ ಮೊದಲೇ ಬೆಲೆ ಕೇಳಿ. ಲ್ಯಾಬಿನ ಖರ್ಚು, ತೀಡುವ ಖರ್ಚು ಅದರಲ್ಲೇ ಸೇರಿದೆಯೇ ಎಂದೂ ಕೇಳಿ. ಆಯ್ಕೆ ಹತ್ತಿರ ಬರುವವರೆಗೆ ಕಾಯಬೇಡಿ. ಅವಸರದವನಿಗೆ ಯಾವ ಪೇಟೆಯಲ್ಲೂ ಚೌಕಾಸಿ ಇಲ್ಲ. ಹೊಸ ಹಲ್ಲು ಬರುವುದಿದ್ದರೆ ಮೊದಲೇ ತಿಳಿಸಿ. ತಣ್ಣೀರಲ್ಲೇ ತೊಳೆಯಿರಿ, ಡಬ್ಬಿಯಲ್ಲಿಡಿ. ಬೈಕಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ. ನಮ್ಮ ಕಡೆಯ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಯಾರ ಬಾಯಿಗೂ ಕೂರದಂತಾಗುತ್ತದೆ.